ಗುಂಡು ಅಡ್ಡಡ್ಡ ಬೀಳುತ್ತಿತ್ತು: ಟ್ವಿಸ್ಟ್ ಅಳೆದ ಮೇಲೆ ಸರಿಹೋಯಿತು

ಪುಣೆಯ ಬಾಲೆವಾಡಿ ರೇಂಜಿನಲ್ಲಿ 50 ಮೀಟರ್ ಅಭ್ಯಾಸ. ಪಾಯಿಂಟ್ 22 ರೈಫಲ್, 60 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು. ಕಾಗದದ ಮೇಲೆ ದುಂಡು ತೂತಿನ ಬದಲು ಬೀಗದ ಕೈ ತೂತಿನಂಥ ಉದ್ದ ಸೀಳು; ಒಂದು ಗುಂಡು ಬಿದ್ದ ಕಡೆ ಇನ್ನೊಂದು ಬೀಳುತ್ತಿರಲಿಲ್ಲ.

ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ, ಬ್ಯಾರಲ್ ತೊಳೆದೆ, ಬೇರೆ ಡಬ್ಬಿ ತೆರೆದೆ. ಅದೇ ಸೀಳು.

ಕೊನೆಗೆ ಟ್ವಿಸ್ಟ್ ಅಳೆದೆ, ಅಂದರೆ ಬ್ಯಾರಲ್ ಒಳಗಿನ ಸುರುಳಿ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತವೆ ಎಂಬುದು. ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆಯೆಂದು ನೋಡಿ ಬೋಲ್ಟ್ (ಅದನ್ನು ಹಿಂದಿನಿಂದ ಮುಚ್ಚುವ ಭಾಗ) ತೆಗೆಯಿರಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ. ಬಟ್ಟೆ ಗೀರುಗಳಿಗೆ ಕಚ್ಚಿಕೊಂಡ ಮೇಲೆ ರಾಡಿನ ಮೇಲ್ಭಾಗಕ್ಕೆ ಟೇಪಿನ ಗುರುತು ಹಚ್ಚಿ. ಗುರುತು ಪೂರ್ತಿ ಒಂದು ಸುತ್ತು ಬರುವವರೆಗೆ ತಳ್ಳಿ, ರಾಡ್ ಎಷ್ಟು ಒಳಹೋಯಿತೆಂದು ಅಳೆಯಿರಿ. ಬಟ್ಟೆ ಸಡಿಲವಿದ್ದರೆ ಜಾರಿ ಲೆಕ್ಕ ತಪ್ಪುತ್ತದೆ. ಮೂರು ಸಲ ಅಳೆಯುವುದೇ ಮೇಲು.

ನನಗೆ ಬಂದದ್ದು 16 ಇಂಚು. ಪಾಯಿಂಟ್ 22ರ ಮಾಮೂಲಿ ಅಳತೆ ಇದೇ, 40 ಗ್ರೇನಿಗೆ ಹೇಳಿ ಮಾಡಿಸಿದ್ದು. ನಿಜವಾಗಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಉದ್ದ: ಅದೇ ವ್ಯಾಸದಲ್ಲಿ ಸೀಸ ಹೆಚ್ಚಾದರೆ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡು ನೆಟ್ಟಗೆ ಹೋಗಲು ಹೆಚ್ಚು ಸುತ್ತಬೇಕು. 60 ಗ್ರೇನಿಗೆ 9 ಇಂಚಿಗೊಂದು ಸುತ್ತಿನ ಬ್ಯಾರಲ್ ಸರಿ.

40 ಗ್ರೇನ್ ಸಬ್‌ಸಾನಿಕ್ (ಶಬ್ದದ ವೇಗಕ್ಕಿಂತ ನಿಧಾನ ಹೋಗುವ) ಗುಂಡು ಹಾಕಿದೆ, ಸ್ಕೋಪ್ ಮತ್ತೆ ಝೀರೋ ಮಾಡಿದೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದೆ. ತೂತುಗಳೆಲ್ಲ ದುಂಡಗೆ, ಅಂಚು ಚೊಕ್ಕ.