ಹಳೇ ರೋಡ್ ಸೈಕಲ್ಲಿನ ಶಿಫ್ಟರ್ ಬಿಚ್ಚಿ ಸರಿಮಾಡಿದ ಬಗೆ

ಡಿಸೆಂಬರಿನ ಬೆಳಿಗ್ಗೆ ಸುಂಟಿಕೊಪ್ಪದಿಂದ ಮಡಿಕೇರಿ ಕಡೆಗೆ ಏರು ಹತ್ತುವಾಗ ನನ್ನ ಸೈಕಲ್ಲಿನ ಶಿಫ್ಟರ್, ಅಂದರೆ ಗೇರ್ ಬದಲಿಸುವ ಬಲಗೈ ಲಿವರ್, ಖಾಲಿ ಹೊಡೆಯುತ್ತಿತ್ತು. ಎಷ್ಟು ಒಳಕ್ಕೆ ತಳ್ಳಿದರೂ ಟಕ್ ಎನ್ನುವ ಸದ್ದಿಲ್ಲ, ಚೈನ್ ಇದ್ದಲ್ಲೇ ಇರುತ್ತಿತ್ತು. ಬಿಸಿಲೇರಿದ ಮೇಲೆ ಅದೇ ಲಿವರ್ ತಕರಾರಿಲ್ಲದೆ ಕೆಲಸ ಮಾಡುತ್ತಿತ್ತು. ಅಂಗಡಿಯಲ್ಲಿ ತೋರಿಸಿದಾಗ "ಶಿಫ್ಟರ್ ಸವೆದಿದೆ, ಪೂರ್ತಿ ಸೆಟ್ ಬದಲಾಯಿಸಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸವೆದ ಹಲ್ಲು ಚಳಿಯಲ್ಲೂ ಜಾರುತ್ತದೆ, ಬಿಸಿಲಲ್ಲೂ ಜಾರುತ್ತದೆ. ಚಳಿಯಲ್ಲಿ ಕೈಕೊಟ್ಟು ಬಿಸಿಲಲ್ಲಿ ಸರಿಹೋಗುತ್ತದೆ ಅಂದರೆ ಒಳಗಿನ ಗ್ರೀಸನ್ನೇ ಅನುಮಾನಿಸಬೇಕು.

ನನ್ನದು ಶಿಮಾನೊ ಕಂಪನಿಯ 105 ಸೆಟ್ಟಿನ 9 ಸ್ಪೀಡಿನ, ಅಂದರೆ ಹಿಂದೆ ಒಂಬತ್ತು ಗೇರಿನ, ಶಿಫ್ಟರ್. ಬ್ರೇಕ್ ಲಿವರಿನಲ್ಲೇ ಗೇರ್ ಬದಲಿಸುವ ಎಸ್‌ಟಿಐ ವ್ಯವಸ್ಥೆಯನ್ನು ಶಿಮಾನೊ 1990ರಲ್ಲಿ ತನ್ನ ದುಬಾರಿ ಡ್ಯೂರಾ ಏಸ್ ಸೆಟ್ಟಿನ ಜೊತೆ ತಂದಿತು, ಆಮೇಲೆ ಕಡಿಮೆ ಬೆಲೆಯ ಸೆಟ್‌ಗಳಿಗೂ ಬಂತು. ಒಳಗೆ ಹಲ್ಲಿನ ಚಕ್ರವೊಂದು ಇರುತ್ತದೆ, ಅದನ್ನು ಹಿಡಿಯುವ ಪುಟ್ಟ ಕೊಕ್ಕೆಗಳು, ಕೊಕ್ಕೆಯನ್ನು ಹಲ್ಲಿಗೆ ಒತ್ತುವ ಕೂದಲೆಳೆಯಂಥ ಸ್ಪ್ರಿಂಗುಗಳು. ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ವರ್ಷಗಳು ಕಳೆದಂತೆ ಅಂಟಾಗುತ್ತದೆ. ಆಗ ಕೊಕ್ಕೆ ತನ್ನ ಜಾಗಕ್ಕೆ ವಾಪಸ್ ಬೀಳುವುದಿಲ್ಲ, ಲಿವರ್ ಸುಮ್ಮನೆ ಓಲಾಡುತ್ತದೆ. ಹೀಗೆ ಕೆಟ್ಟ ಎಷ್ಟೋ ಶಿಫ್ಟರುಗಳಲ್ಲಿ ಹಲ್ಲು ಹೊಸದರಂತೆಯೇ ಇರುತ್ತದೆ. ಅವನ್ನು ಗುಜರಿಗೆ ಹಾಕುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದರ ಜಾಗಕ್ಕೆ 11 ಸ್ಪೀಡಿನದು ತಂದರೆ ಕೇಬಲ್ ಎಳೆಯುವ ಅಳತೆಯೇ ಬೇರೆ, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಳೇ ಡಿರೈಲರ್ ಹೊಂದುವುದಿಲ್ಲ. ಡಿರೈಲರ್, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು), ಚೈನ್ ಎಂದು ಒಂದರ ಹಿಂದೆ ಒಂದು ಖರ್ಚು.

ಆದರೂ ಶಿಫ್ಟರಿಗೆ ಕೈಹಾಕುವ ಮೊದಲು ಉಳಿದದ್ದನ್ನೆಲ್ಲ ನೋಡಿಕೊಳ್ಳಬೇಕು. ನಾನು ಹಿಂದಿನ ಡಿರೈಲರಿನಿಂದ ಕೇಬಲ್ ಬಿಚ್ಚಿ, ತುದಿಯನ್ನು ಇಕ್ಕಳದಲ್ಲಿ ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಲಿವರ್ ಒತ್ತಿದೆ. 9 ಸ್ಪೀಡಿನಲ್ಲಿ ಈ ತುದಿಯಿಂದ ಆ ತುದಿಗೆ 8 ಕ್ಲಿಕ್ ಸಿಗಬೇಕು. ಎಂಟೂ ಸ್ಪಷ್ಟವಾಗಿ ಸಿಕ್ಕಿ, ಪ್ರತಿ ಕ್ಲಿಕ್ಕಿಗೂ ಕೇಬಲ್ ಒಂದೇ ಸಮ ಸರಿದರೆ ಶಿಫ್ಟರ್ ಚೆನ್ನಾಗಿದೆ, ರೋಗ ಬೇರೆ ಕಡೆ ಇದೆ.

ನಮ್ಮ ಕೊಡಗಿನಲ್ಲಿ ಆ ಬೇರೆ ಕಡೆ ಅಂದರೆ ಬಹುಮಟ್ಟಿಗೆ ಔಟರ್, ಕೇಬಲ್ ಒಳಗೆ ಹಾಯುವ ಹೊರ ಕೊಳವೆ. ಹಿಂದಿನ ಡಿರೈಲರಿಗೆ ಬಳಸಿ ಬರುವ ಆ ಕೊನೆಯ ಗಿಡ್ಡ ತುಂಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ನಿಲ್ಲುತ್ತದೆ, ಕೇಬಲ್ ಒಳಗೇ ತುಕ್ಕು ಹಿಡಿಯುತ್ತದೆ. ಪೆಡಲ್ ಅಚ್ಚಿನ ಕೆಳಗೆ ಕೇಬಲ್ ಹಾಯುವ ಪ್ಲಾಸ್ಟಿಕ್ ಗೈಡಿನಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಒಣಗಿ ಇಟ್ಟಿಗೆಯಂತಾಗಿರುತ್ತದೆ. ಸೈಕಲ್ ಬಲಕ್ಕೆ ಬಿದ್ದಿದ್ದರೆ ಡಿರೈಲರನ್ನು ಫ್ರೇಮಿಗೆ ಸೇರಿಸುವ ಹ್ಯಾಂಗರ್ ಬಾಗಿರಬಹುದು, ಹಿಂದಿನಿಂದ ನಿಂತು ನೋಡಿದರೆ ಗೊತ್ತಾಗುತ್ತದೆ. ಔಟರ್ ತರುವಾಗ ಗೇರಿನದೇ ಕೇಳಿ ತನ್ನಿ. ಬ್ರೇಕಿನ ಔಟರಿನಲ್ಲಿ ತಂತಿ ಸುರುಳಿ ಸುತ್ತಿರುತ್ತದೆ, ಅದುಮಿದರೆ ಕುಗ್ಗುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ನೆಟ್ಟಗಿರುತ್ತವೆ. ಬ್ರೇಕಿನದನ್ನು ಹಾಕಿದರೆ ಎಷ್ಟು ಟ್ಯೂನ್ ಮಾಡಿದರೂ ಗೇರ್ ನಿಲ್ಲುವುದಿಲ್ಲ.

ಇನ್ನೊಂದು, ಕೇಬಲ್ಲಿನ ತಲೆ, ಅಂದರೆ ಅದರ ತುದಿಯ ಲೋಹದ ಗುಂಡು. ಶಿಫ್ಟರಿನ ಒಳಗೆ, ತಲೆಯ ಬುಡದಲ್ಲೇ ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಗೇರ್ ದಿನೇದಿನೇ ತಪ್ಪುತ್ತಿದ್ದು, ಕೇಬಲ್ ಬಿಗಿ ಮಾಡುವ ಬ್ಯಾರೆಲ್ ಅಡ್ಜಸ್ಟರನ್ನು ಮತ್ತೆಮತ್ತೆ ತಿರುಗಿಸಬೇಕಾಗಿ ಬರುತ್ತಿದ್ದರೆ ಅದೇ ಸೂಚನೆ. ಪೂರ್ತಿ ಕಡಿಯುವ ಮುಂಚೆಯೇ ತೆಗೆಯಬೇಕು. ಕಡಿದರೆ ತಲೆಯೂ ಬಿಡಿ ಎಳೆಗಳೂ ಒಳಗೇ ಸಿಕ್ಕಿಕೊಂಡು ಕೇಬಲ್ ಸುತ್ತುವ ಡ್ರಮ್ಮನ್ನೇ ಕಚ್ಚಿಸುತ್ತವೆ. ಚಿಕ್ಕ ಹಲ್ಲಿನ ಗೇರಿಗೆ ಪೂರ್ತಿ ಬಿಟ್ಟು, ಬ್ರೇಕ್ ಲಿವರ್ ಎಳೆದು ಹಿಡಿದರೆ ಪಕ್ಕದಲ್ಲಿ ತಲೆ ಕೂರುವ ತೂತು ಕಾಣುತ್ತದೆ, ಕೇಬಲ್ಲನ್ನು ಹಿಂದಿನಿಂದ ತಳ್ಳಿದರೆ ಹೊರಬರುತ್ತದೆ.

ನನ್ನದರಲ್ಲಿ ಕೇಬಲ್, ಔಟರ್ ಎಲ್ಲ ಚೆನ್ನಾಗಿದ್ದವು, ಕೇಬಲ್ ಕೈಯಲ್ಲಿ ಹಿಡಿದಾಗಲೂ ಕ್ಲಿಕ್ ತಪ್ಪುತ್ತಿತ್ತು. ತೋಟದ ಸ್ಪ್ರೇ ಪಂಪು, ಕಳೆ ಕೊಚ್ಚುವ ಮಷಿನ್ ರಿಪೇರಿ ಮಾಡುವ ಹುಡುಗನೊಬ್ಬ ನಮ್ಮಲ್ಲಿಗೆ ಬರುತ್ತಾನೆ. ಒಮ್ಮೆ ಲಿವರ್ ಆಡಿಸಿ ನೋಡಿ, "ಅಣ್ಣ, ಇದನ್ನ ಬಿಚ್ಚೋದು ಬೇಡ, ತೊಳೀರಿ ಸಾಕು" ಅಂದ. ಸರಿಯಾದ ಮಾತು. ಶಿಮಾನೊದವರು ಈ ಶಿಫ್ಟರನ್ನು ಬಿಚ್ಚಿ ಜೋಡಿಸಲೆಂದು ಮಾಡಿಲ್ಲ, ಒಳಗಿನ ಬಿಡಿಭಾಗವನ್ನೂ ಮಾರುವುದಿಲ್ಲ.

ಮುಂದಿನ ಚಕ್ರ ತೆಗೆದಿಟ್ಟೆ, ರಿಮ್ಮಿಗೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ರಬ್ಬರ್ ಕವರನ್ನು ಹಿಂದಕ್ಕೆ ಮಡಚಿ, ಕೆಳಗೆ ಹಳೇ ಬಟ್ಟೆ ಹಾಸಿ, ಲಿವರ್ ಎಳೆದಾಗ ತೆರೆಯುವ ಸಂದಿಗೆ ಡಬ್ಲ್ಯುಡಿ-40 ಡಬ್ಬದ ಸಪೂರ ಕೊಳವೆ ತೂರಿಸಿ ಧಾರಾಳವಾಗಿ ಹೊಡೆದೆ. ಹೊಡೆದು ಬಿಟ್ಟರೆ ಸಾಲದು, ಎರಡು ಲಿವರನ್ನೂ ಆಡಿಸುತ್ತಲೇ ಇರಬೇಕು. ಮೊದಲು ಏನೂ ಬರಲಿಲ್ಲ. ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ಮತ್ತೆ ಹೊಡೆದಾಗ ಬೆಲ್ಲದ ಪಾಕದ ಬಣ್ಣದ ಜಿಗುಟು ಇಳಿಯತೊಡಗಿತು. ಬಟ್ಟೆಯ ಮೇಲೆ ಬೀಳುವ ಹನಿ ತಿಳಿಯಾಗುವ ತನಕ ಬಿಡಲಿಲ್ಲ. ಅಷ್ಟರಲ್ಲಿ ಕ್ಲಿಕ್ ಒಂದೊಂದಾಗಿ ವಾಪಸ್ ಬಂದಿತ್ತು: ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ.

ಇಲ್ಲಿಗೇ ನಿಲ್ಲಿಸಬಾರದು. ಆ ಸ್ಪ್ರೇ ಆರಿದ ಮೇಲೆ ಲೋಹ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ, ನಮ್ಮ ತೇವಕ್ಕೆ ತುಕ್ಕು ತಡವಾಗುವುದಿಲ್ಲ. ಚೆನ್ನಾಗಿ ಆರಿಸಿ ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟೆ. ದಪ್ಪ ಗ್ರೀಸ್ ತುಂಬಿದರೆ ಆ ಸಣ್ಣ ಸ್ಪ್ರಿಂಗುಗಳಿಗೆ ಮತ್ತೆ ಅದೇ ಹಿಂಸೆ.

ಗೆಳೆಯನ ಸೈಕಲ್ಲಿನದು ಬೇರೆ ಕತೆ. ಅವನದು ಇಟಲಿಯ ಕಾಂಪಾನ್ಯೋಲೊ ಕಂಪನಿಯ ಹಳೇ ಎರ್ಗೋಪವರ್ ಶಿಫ್ಟರ್, 1992ರಲ್ಲಿ ಶುರುವಾದ ಮಾದರಿಯ ಪೈಕಿ. ಅದರಲ್ಲಿ ಸವೆತ ನಿಜವಾದದ್ದೇ. ಕ್ಲಿಕ್ ಸಡಿಲವಾಗಿ, ಏರಿನಲ್ಲಿ ಒತ್ತಿ ತುಳಿದಾಗ ಚೈನ್ ತಾನಾಗಿ ಚಿಕ್ಕ ಹಲ್ಲಿನ ಚಕ್ರಕ್ಕೆ ಇಳಿಯುತ್ತಿತ್ತು. ಒಳಗಿನ ಎರಡು ಪುಟ್ಟ ಜಿ-ಸ್ಪ್ರಿಂಗುಗಳು ಹಲ್ಲಿನ ಗುಂಡಿಗೆ ಬಿದ್ದು ಗೇರನ್ನು ಹಿಡಿದಿಡುತ್ತವೆ. ಸವೆಯುವುದು, ಮುರಿಯುವುದು ಅವೇ. ಅವನ್ನು ಬೇರೆಯಾಗಿ ಮಾರುತ್ತಿದ್ದರು, ಬಿಚ್ಚಿ ಬದಲಿಸಲೆಂದೇ ಮಾಡಿದ ಶಿಫ್ಟರದು. ಈ ಒಂದು ಕಾರಣಕ್ಕೇ ನನಗೆ ಅದರ ಮೇಲೆ ಬಹಳ ಗೌರವ.

ಹ್ಯಾಂಡಲ್ಲಿನಿಂದ ಕಳಚಿ, ಬ್ರೇಕ್ ಲಿವರಿನ ಪಿನ್ನನ್ನು ಮೆಲ್ಲಗೆ ತಟ್ಟಿ ತೆಗೆದು, ನಡುವಿನ ಬೋಲ್ಟ್ ಬಿಚ್ಚಿದೆವು. ಒಂದೊಂದು ಭಾಗ ಹೊರಬಂದಾಗಲೂ ಫೋನಿನಲ್ಲಿ ಫೋಟೊ ತೆಗೆದು, ಬಿಳಿ ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಟ್ಟೆವು. ಹಳೇ ಸ್ಪ್ರಿಂಗನ್ನು ಹೊಸದರ ಪಕ್ಕ ಇಟ್ಟಾಗ ಬಾಗಿದ ಮೂಲೆ ತೇದು ಚಪ್ಪಟೆಯಾಗಿದ್ದು ಬರಿಗಣ್ಣಿಗೇ ಕಂಡಿತು. ಜೋಡಿಸುವಾಗ ಸುರುಳಿ ಸ್ಪ್ರಿಂಗನ್ನು ಬಿಗಿ ಮಾಡಿ ಹಿಡಿದುಕೊಂಡೇ ಬೋಲ್ಟ್ ಕೂರಿಸಬೇಕು, ಅದಕ್ಕೆ ಇಬ್ಬರು ಬೇಕೇ ಬೇಕು. ಅವನು ಹಿಡಿದ, ನಾನು ತಿರುಗಿಸಿದೆ.

ಎರಡೂ ಸೈಕಲ್ಲಿಗೆ ಈಗ ನಾವು ಮಾಡುವುದು ಇಷ್ಟೇ: ಮುಂಗಾರಿಗೆ ಮೊದಲು ಶಿಫ್ಟರಿಗೆ ಎಣ್ಣೆಯ ಕೆಲವು ಹನಿ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ನೆನೆದು ಬಂದ ದಿನ ಔಟರನ್ನು ಫ್ರೇಮಿನ ಕೊಕ್ಕೆಗಳಿಂದ ಬಿಡಿಸಿ, ಕೇಬಲ್ ಒರೆಸಿ, ವಾಪಸ್ ಹಾಕುವುದು. ಮಳೆ ಮುಗಿದ ಮೇಲೆ ಹಿಂದಿನ ಗಿಡ್ಡ ತುಂಡನ್ನು ಕೇಬಲ್ ಸಮೇತ ಹೊಸದು ಮಾಡುತ್ತೇವೆ, ಹಳೆಯದು ನೋಡಲು ಚೆನ್ನಾಗಿದ್ದರೂ.