ಶಾಲೆಯ ಸಭಾಭವನದೊಳಗೆ ಮಾರ್ಷ್‌ಮ್ಯಾಲೋ ಸುಡಿಸಿದ ನನ್ನ ಅನುಭವ

ಕಳೆದ ಆಗಸ್ಟ್‌ನಲ್ಲಿ, ಹೊರಗೆ ಶಿರಸಿಯ ಮಳೆ ಹಿಡಿದು ಸುರಿಯುತ್ತಿರುವಾಗ, ನಮ್ಮ ಶಾಲೆಯ ಮಕ್ಕಳ ಸಂತೆಗೆಂದು ಸಭಾಭವನದ ಒಳಗೇ ಸಕ್ಕರೆಯ ಮೆತ್ತನೆಯ ಮಿಠಾಯಿಗಳಾದ ಸುಮಾರು 350 ಮಾರ್ಷ್‌ಮ್ಯಾಲೋಗಳನ್ನು ಮಕ್ಕಳ ಕೈಯಿಂದಲೇ ಸುಡಿಸಿದೆ. ಜ್ವಾಲೆ ಇರಲಿಲ್ಲ, ಹೊಗೆ ಇರಲಿಲ್ಲ, ಒಂದು ಮಗುವಿನ ಕೈಗೂ ಬಿಸಿ ತಾಗಲಿಲ್ಲ. ಅದಕ್ಕೆ ಮೊದಲು ಎರಡು ತಿಂಗಳು ನಾನು ಕೇಳಿದ್ದೆಲ್ಲ ಬೇಡ ಎಂಬ ಮಾತನ್ನೇ. ಪಾಲಕರ ಸಭೆಯಲ್ಲಿ ಇಬ್ಬರು ಎದ್ದು ನಿಂತು ವಿರೋಧಿಸಿದರು. ಮುಖ್ಯಾಧ್ಯಾಪಕರು ಬರವಣಿಗೆಯಲ್ಲಿ ಹೊಣೆ ಕೇಳಿದರು. ಮನೆಯಲ್ಲಿ ಮಾವನವರು, “ತಂಗೀ, ಅದು ಆಗ್ತಿಲ್ಲೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಈಗ ಬೇರೆ ಊರುಗಳಿಂದಲೂ ವಿಚಾರಿಸುವವರು ಹೆಚ್ಚಾಗಿರುವುದರಿಂದ ನಡೆದದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಮೇಳಗಳಲ್ಲಿ ಅಂಗಡಿ ಇಟ್ಟು ಅಭ್ಯಾಸವಿರುವವರಿಗಾಗಿ ಬರೆಯುತ್ತಿರುವುದರಿಂದ ಒಲೆ ಹಚ್ಚುವುದು ಹೇಗೆ ಎಂಬಂಥದ್ದನ್ನೆಲ್ಲ ಬಿಟ್ಟಿದ್ದೇನೆ.

ನಾನು ಹದಿನೈದು ವರ್ಷಗಳಿಂದ ತೊಡೆದೇವು, ಅಂದರೆ ಬಿಸಿ ಮಡಕೆಯ ಬೆನ್ನಿಗೆ ಹಿಟ್ಟು ತೊಡೆದು ಮಾಡುವ ತೆಳ್ಳನೆಯ ಸಿಹಿತಿಂಡಿ, ಮಾಡಿ ಮಾರುವವಳು. ಕವುಚಿ ಹಾಕಿದ ಮಡಕೆಯ ಬೆನ್ನಿಗೆ ಶಾಖ ಎಷ್ಟಿರಬೇಕು, ಹಿಟ್ಟು ತೊಡೆಯುವಾಗ ಕೈ ಎಷ್ಟು ದೂರದಲ್ಲಿರಬೇಕು ಎಂಬುದು ನನ್ನ ಚರ್ಮಕ್ಕೇ ತಿಳಿದಿದೆ. ಈ ಕೆಲಸ ಕೊನೆಗೆ ಕೈಗೂಡಿದ್ದು ಆ ತಿಳಿವಳಿಕೆಯಿಂದಲೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲ ಪ್ರಯತ್ನ ಮೇಣದ ಬತ್ತಿಯದು. ತಗಡಿನ ಬಟ್ಟಲಿನಲ್ಲಿ ಬರುವ ಚಿಕ್ಕ ಬತ್ತಿಗಳನ್ನು ಆರಾರರಂತೆ ಜೋಡಿಸಿ ನೋಡಿದೆ. ಮಾರ್ಷ್‌ಮ್ಯಾಲೋ ಕೆಂಪಾಗುವುದಕ್ಕೆ ಮೊದಲೇ ಮಸಿ ಹಿಡಿದು ಕಪ್ಪಾಯಿತು, ಬಾಯಿಗಿಟ್ಟರೆ ಮೇಣದ ವಾಸನೆ ಬಂತು. ಹತ್ತಿರ ಹತ್ತಿರ ಇಟ್ಟ ಬತ್ತಿಗಳು ಒಂದರ ಕಾವಿಗೆ ಇನ್ನೊಂದು ಕರಗಿ, ಬಟ್ಟಲಿನ ಮೇಣವೆಲ್ಲ ಒಮ್ಮೆಲೇ ಹೊತ್ತಿಕೊಂಡಾಗ ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಇದ್ದಿಲ ಶೇಗಡಿ, ಮತ್ತು ಅದರ ಬಗ್ಗೆ ನಾನು ಗಟ್ಟಿಯಾಗಿ ಹೇಳಬೇಕು. ಮಳೆಯ ಎರಚಲಿಗೆಂದು ಮೂರೂ ಕಡೆ ತಾಡಪಾಲು ಕಟ್ಟಿದ್ದ ನಮ್ಮ ಜಗುಲಿಯಲ್ಲಿ ಶೇಗಡಿ ಇಟ್ಟು ನಾನೂ ಮಗನೂ ಪ್ರಯೋಗಕ್ಕೆ ಕುಳಿತೆವು. ಕೆಂಡದ ಮೇಲೆ ಮಾರ್ಷ್‌ಮ್ಯಾಲೋ ಬಹಳ ಚೆನ್ನಾಗಿ ಹೊಂಬಣ್ಣಕ್ಕೆ ಬಂತು, ಇಷ್ಟು ಸುಲಭವೇ ಎಂದು ಸಂತೋಷಪಟ್ಟೆ. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಇಬ್ಬರಿಗೂ ತಲೆ ಸಿಡಿಯತೊಡಗಿತು, ಮಗ ಹೊಟ್ಟೆ ತೊಳಸುತ್ತದೆ ಎಂದ. ತಾಡಪಾಲು ಕಿತ್ತೆಸೆದು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂದುಕೊಳ್ಳುವುದೇ ದೊಡ್ಡ ತಪ್ಪು. ಕಿಟಕಿ ತೆರೆದಿಡುತ್ತೇವೆ, ಫ್ಯಾನ್ ಹಾಕುತ್ತೇವೆ ಎಂದು ಹೇಳುವವರಿಗೂ ನನ್ನ ಉತ್ತರ ಒಂದೇ: ಮಕ್ಕಳಿರುವ ಕೋಣೆಯೊಳಗೆ ಇದ್ದಿಲು ಬೇಡವೇ ಬೇಡ.

ಆಮೇಲೆ ಕಂಡಕಂಡದ್ದನ್ನೆಲ್ಲ ಪರೀಕ್ಷಿಸಿದೆ. ಕೇಕಿನವರು ಬಳಸುವ ಗ್ಯಾಸ್ ಟಾರ್ಚ್ ಸುಮಾರು 900 ರೂಪಾಯಿಗೆ ಬಂತು; ಅದರಲ್ಲಿ ಹೊರಮೈ ಕಪ್ಪಾದರೂ ಒಳಗು ತಣ್ಣಗೇ ಉಳಿಯುತ್ತದೆ, ಅದಲ್ಲದೆ ಮಕ್ಕಳ ಕೈಗೆ ಕೊಡುವ ಸಾಧನವೇ ಅದಲ್ಲ. ಓಟಿಜಿ ಎಂಬ ಕರೆಂಟಿನ ಚಿಕ್ಕ ಒವನ್ನಿನ ಮೇಲಿನ ಕಾಯಿಲ್ ಮಾತ್ರ ಹಚ್ಚಿ ಇಟ್ಟರೆ ಮಾರ್ಷ್‌ಮ್ಯಾಲೋ ಉಬ್ಬಿ ಕಾಯಿಲಿಗೇ ಅಂಟಿಕೊಂಡಿತು. ಪರಿಚಯದ ಎಲೆಕ್ಟ್ರಿಷಿಯನ್ನರಿಂದ ತಂದ ಹಾಟ್ ಏರ್ ಗನ್ ಬಣ್ಣವನ್ನೇನೋ ಚೆನ್ನಾಗಿ ಕೊಟ್ಟಿತು, ಆದರೆ ಮಾರ್ಷ್‌ಮ್ಯಾಲೋ ಮೇಲಿನ ಪುಡಿಯನ್ನೆಲ್ಲ ಹಾರಿಸಿ ಎದುರಿಗಿದ್ದವರ ಕಣ್ಣಿಗೆ ಹಾಕಿತು. ಸುರುಳಿ ತಂತಿ ತೆರೆದುಕೊಂಡಿರುವ ಹಳೆಯ ಕಾಯಿಲ್ ಒಲೆಯನ್ನು ಹಚ್ಚಿಯೂ ನೋಡಲಿಲ್ಲ. ಕರಗಿದ ಸಕ್ಕರೆ ತಂತಿಯ ಮೇಲೆ ಬೀಳುವುದು ಖಂಡಿತ, ಲೋಹದ ಕಡ್ಡಿ ಹಿಡಿದ ಮಗು ಅದನ್ನು ತಂತಿಗೆ ತಾಗಿಸಿದರೆ ಕರೆಂಟು ನೇರವಾಗಿ ಕೈಗೆ ಬರುತ್ತದೆ. ಇಂಡಕ್ಷನ್ ಒಲೆ ಪಾತ್ರೆಯನ್ನಷ್ಟೇ ಕಾಯಿಸುತ್ತದೆ, ಪಾತ್ರೆ ಇಲ್ಲದಿದ್ದರೆ ನಿಂತೇ ಹೋಗುತ್ತದೆ. ಅದರಿಂದ ಈ ಕೆಲಸಕ್ಕೆ ಉಪಯೋಗವಿಲ್ಲ.

ದಾರಿ ತೋರಿಸಿದ್ದು ಇನ್‌ಫ್ರಾರೆಡ್ ಒಲೆ. ಗಾಜಿನ ಹಾಸಿನ ಕೆಳಗೆ ಕಾಯಿಲ್ ಕೆಂಪಗೆ ಹೊಳೆಯುವ, ಪಾತ್ರೆ ಇಲ್ಲದೆಯೂ ಉರಿಯುವ ಈ ಒಲೆಯನ್ನು ಸುಮಾರು 2,400 ರೂಪಾಯಿಗೆ ತಂದೆ. ಗಾಜಿನಿಂದ ನಾಲ್ಕು ಬೆರಳು ಮೇಲೆ ಹಿಡಿದ ಮಾರ್ಷ್‌ಮ್ಯಾಲೋ ಒಂದೂವರೆ ನಿಮಿಷದಲ್ಲಿ ಕೆಳಮೈಯಲ್ಲಿ ಮಾತ್ರ ಬಣ್ಣ ತೆಗೆದುಕೊಂಡಿತು. ಶಾಖವೆಲ್ಲ ಸುತ್ತಲೂ ಚದುರಿ ಹೋಗುತ್ತಿತ್ತು; ಅದನ್ನು ಒಂದೆಡೆ ಕೂಡಿಹಾಕಬೇಕಿತ್ತು, ಮಗುವಿನ ಕೈ ಗಾಜಿನ ಹತ್ತಿರ ಹೋಗದಂತೆ ಅಡ್ಡವೂ ಬೇಕಿತ್ತು. ಅಟ್ಟದ ಮೇಲೆ ಒಡಕು ಬಂದು ಬಿದ್ದಿದ್ದ ತೊಡೆದೇವಿನ ಮಡಕೆ ನೆನಪಾದದ್ದು ಆಗ.

ಮಡಕೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಗರಗಸದ ಬ್ಲೇಡಿನಿಂದ ನಿಧಾನವಾಗಿ ಸುತ್ತಲೂ ಗೀರುತ್ತ ತಳವನ್ನು ಬಿಡಿಸಿದೆ. ತಳವಿಲ್ಲದ ಮಡಕೆಯನ್ನು ಒಲೆಯ ಮೇಲಿಟ್ಟರೆ ಕೆಂಪು ಗಾಜು ಬಾವಿಯ ತಳದಂತೆ ಕೆಳಗೆ ಕಾಣುತ್ತದೆ, ಮಣ್ಣಿನ ಗೋಡೆ ಕಾದು ನಾಲ್ಕೂ ಕಡೆಯಿಂದ ಶಾಖ ಕೊಡುತ್ತದೆ. ಮಾರ್ಷ್‌ಮ್ಯಾಲೋವನ್ನು ಮಡಕೆಯ ಬಾಯಿಯಿಂದ ಇಳಿಬಿಟ್ಟು ಕಡ್ಡಿ ತಿರುಗಿಸಿದರೆ 45ರಿಂದ 50 ಸೆಕೆಂಡುಗಳಲ್ಲಿ ಸುತ್ತಲೂ ಒಂದೇ ಬಣ್ಣ ಬರುತ್ತದೆ. ಮೊದಲು ಮೈ ಬೆವರಿದಂತೆ ಹೊಳೆಯುತ್ತದೆ, ಆಮೇಲೆ ಉಬ್ಬಿ ಚರ್ಮ ಬಿಗಿಯಾಗುತ್ತದೆ, ಅಲ್ಲಲ್ಲಿ ಹಳದಿ ಚುಕ್ಕೆಗಳೆದ್ದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಚುಕ್ಕೆಗಳು ಕೂಡಿದ ಕ್ಷಣದಲ್ಲೇ ಮೇಲೆತ್ತಬೇಕು.

ಆದರೆ ಆ ಮೊದಲ ಒಲೆ ಉಳಿಯಲಿಲ್ಲ. ಮಡಕೆಯನ್ನು ನೇರವಾಗಿ ಅದರ ಮೇಲೇ ಇಟ್ಟಿದ್ದರಿಂದ ಶಾಖ ಕೆಳಗೇ ಉಳಿದು, ಗುಂಡಿಗಳಿರುವ ಪ್ಲಾಸ್ಟಿಕ್ ಪಟ್ಟಿ ಮೆತ್ತಗಾಗಿ ಬಾಗಿಹೋಯಿತು. 2,400 ರೂಪಾಯಿ ಅಲ್ಲಿಗೆ ಮುಗಿಯಿತು. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ, ಪಡೆಯಬೇಕೆಂದು ನಾನು ಕೇಳುವಂತೆಯೂ ಇರಲಿಲ್ಲ. ಎರಡನೆಯ ಸಲ ಕಮ್ಮಾರರಿಂದ ಮೂರು ಕಾಲಿನ ಕಬ್ಬಿಣದ ಬಳೆ ಮಾಡಿಸಿ, ಮಡಕೆಯ ಭಾರವೆಲ್ಲ ಅದರ ಮೇಲೆ ನಿಲ್ಲುವಂತೆ, ಗಾಜಿಗೂ ಮಡಕೆಗೂ ನಡುವೆ ಎರಡು ಬೆರಳು ಗಾಳಿ ಆಡುವಂತೆ ಮಾಡಿದೆ. ಒಲೆ ತೀರ ಕಾದರೆ ತಾನಾಗಿ ಕೆಂಪು ಆರಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊತ್ತಿಕೊಳ್ಳುತ್ತಿದ್ದುದೂ ಈ ಗಾಳಿಯ ದಾರಿಯಿಂದ ಬಹಳ ಕಡಿಮೆಯಾಯಿತು. ಮಡಕೆಯ ಒಳಮೈಗೆ ನಾನು ಒಂದು ಲೇಪ ಕೊಡುತ್ತೇನೆ. ಅದು ತೊಡೆದೇವಿನ ಕೆಲಸದಿಂದ ಬಂದ ನಮ್ಮ ಮನೆಯ ಪದ್ಧತಿಯಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಕೆಲಸ ನಡೆಯುತ್ತದೆ, ಹತ್ತು ಸೆಕೆಂಡು ಹೆಚ್ಚು ಹಿಡಿಯಬಹುದು ಅಷ್ಟೆ.

ಶಾಖದ ಪ್ರಶ್ನೆ ಬಗೆಹರಿದ ಮೇಲೆ ಮಾರ್ಷ್‌ಮ್ಯಾಲೋದ ಪ್ರಶ್ನೆ ಎದುರಾಯಿತು. ಮೊದಲು ತಂದ ಪೊಟ್ಟಣದ ಹಿಂದೆ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು) ಎಂದಿತ್ತು, ಮಾಂಸಾಹಾರದ ಕಂದು ಗುರುತೂ ಇತ್ತು. ನಮ್ಮ ಶಾಲೆಯಲ್ಲಿ ಸಸ್ಯಾಹಾರಿ ಮನೆಗಳ ಮಕ್ಕಳು ಬಹಳ, ಒಂದೇ ಮಡಕೆಯಲ್ಲಿ ಎರಡು ಬಗೆಯದನ್ನು ಸುಡಿಸುವುದು ಸರಿಯಲ್ಲ. ಹಾಗಾಗಿ ಕಡಲ ಪಾಚಿಯಿಂದ ಬರುವ ಚೈನಾ ಗ್ರಾಸ್ (ಅಗರ್) ಹಾಕಿ, ಕಾಬೂಲಿ ಕಡಲೆ ಬೇಯಿಸಿದ ನೀರನ್ನು ನೊರೆ ಬರುವಂತೆ ಕಡೆದು ಮನೆಯಲ್ಲೇ ಮಾಡಿದೆ. ನೋಡಲು, ತಿನ್ನಲು ಬಹಳ ಚೆನ್ನಾಗಿತ್ತು. ಮಡಕೆಯೊಳಗೆ ಇಳಿಸಿದರೆ ಕಡ್ಡಿಯಿಂದ ಜಾರಿ ಗಾಜಿನ ಮೇಲೆ ಬಿತ್ತು. ಚೈನಾ ಗ್ರಾಸ್ 85 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಸಕ್ಕರೆ ಕೆಂಪಾಗಲು 160 ಡಿಗ್ರಿಯ ಹತ್ತಿರ ಹೋಗಬೇಕು. ಬಣ್ಣ ಬರುವ ಮೊದಲೇ ಒಳಗೆಲ್ಲ ಪಾಕವಾಗಿರುತ್ತದೆ. ಜೆಲಟಿನ್ 35 ಡಿಗ್ರಿಗೇ ಕರಗಿದರೂ ಅಂಟು ಬಿಡದೆ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ, ಚೈನಾ ಗ್ರಾಸ್ ಹಿಡಿದುಕೊಳ್ಳುವುದಿಲ್ಲ. ನಾಲ್ಕು ಸಲ ಪ್ರಮಾಣ ಬದಲಿಸಿ, ಸುಮಾರು 1,500 ರೂಪಾಯಿಯ ಸಾಮಾನು ಹಾಳು ಮಾಡಿ, ಕೊನೆಗೆ ಹುಬ್ಬಳ್ಳಿಯಿಂದ ಹಸಿರು ಗುರುತಿನ ಪೊಟ್ಟಣಗಳನ್ನು ತರಿಸಿದೆ. ಅವುಗಳಲ್ಲೂ ಕ್ಯಾರಜೀನನ್ (ಇದೂ ಕಡಲ ಪಾಚಿಯದೇ) ಮತ್ತು ಸೋಯಾ ಪ್ರೋಟೀನ್ ಇರುವಂಥವು ಮಾತ್ರ ಸುಡಲು ಯೋಗ್ಯ. ಪೊಟ್ಟಣ ಒಡೆದ ಅರ್ಧ ಗಂಟೆಯಲ್ಲಿ ನಮ್ಮ ಮಳೆಗಾಲದ ತೇವಕ್ಕೆ ಅವು ಜಿಗುಟಾಗುತ್ತವೆ. ಕಾರ್ನ್‌ಫ್ಲೋರ್ ಮತ್ತು ಪುಡಿ ಸಕ್ಕರೆಯ ಜೊತೆಗೆ ನಾನು ಇನ್ನೊಂದು ಪುಡಿಯನ್ನು ಸೇರಿಸಿ ಹೊರಳಿಸುತ್ತೇನೆ, ಅದೂ ನನ್ನ ಬಳಿಯೇ ಇರಲಿ.

ಈ ನಡುವೆ ಜೋನಿ ಬೆಲ್ಲದ (ಗಟ್ಟಿಯಾಗದ, ಸುರಿಯುವಂಥ ಬೆಲ್ಲ) ಪ್ರಯೋಗವನ್ನೂ ಮಾಡಿದೆ. ಆಲೆಮನೆಯಿಂದ ಬಂದ ಜೋನಿ ಬೆಲ್ಲವನ್ನು ತೆಳ್ಳಗೆ ಸವರಿ ಇಳಿಸಿದರೆ ಅರ್ಧ ಸಮಯದಲ್ಲೇ ಬಣ್ಣ ಬರುತ್ತದೆ, ಏಕೆಂದರೆ ಅದರಲ್ಲಿರುವ ಫ್ರಕ್ಟೋಸ್ ಸಕ್ಕರೆಗಿಂತ ಕಡಿಮೆ ಶಾಖಕ್ಕೇ ಕೆಂಪಾಗುತ್ತದೆ. ಕೊಪ್ಪರಿಗೆಯ ಅಂಚಿನಲ್ಲಿ ಕೆರೆದು ತಿನ್ನುವ ಬೆಲ್ಲದ ರುಚಿಯೇ ಅದು. ಆದರೆ ತೊಟ್ಟಿಕ್ಕುತ್ತದೆ. ಇಂಥ ಒಲೆಯ ಗಾಜಿನ ಮೇಲೆ ಬಿದ್ದ ಸಕ್ಕರೆಯನ್ನು ತಣಿಯಲು ಬಿಟ್ಟರೆ ಅದು ಕುಗ್ಗುತ್ತ ಗಾಜಿನ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಒಲೆ ಆರಿಸಿ ಬಿಸಿಯಿರುವಾಗಲೇ ಉದ್ದ ಹಿಡಿಯ ಕೆರೆಯುವ ಬ್ಲೇಡಿನಿಂದ ತೆಗೆಯಬೇಕು. ಸಂತೆಯ ದಿನ ಜೋನಿ ಬೆಲ್ಲವನ್ನು ಮಡಕೆಗೆ ತೋರಿಸಲಿಲ್ಲ, ದೊನ್ನೆಯಲ್ಲಿ ತೊಡೆದೇವಿನ ಚೂರು ಹಾಕಿ, ಮೇಲೆ ಸುಟ್ಟ ಮಾರ್ಷ್‌ಮ್ಯಾಲೋ ಇಟ್ಟು, ಅದರ ಮೇಲೆ ಒಂದು ಚಮಚ ಸುರಿದು ಕೊಟ್ಟೆ. ಬಿಸ್ಕತ್ತಿನ ನಡುವೆ ಇಟ್ಟು ಕೊಡುವ ಪದ್ಧತಿಗಿಂತ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡ್ಡಿ ಬಿದಿರಿನದು, ಒಂದು ಮೊಳ ಉದ್ದ, ಎರಡು ಗಂಟೆ ನೀರಿನಲ್ಲಿ ನೆನೆಸಿದ್ದು. ಅಡಿಕೆ ಹಾಳೆಯನ್ನು ಅಂಗೈ ಅಗಲಕ್ಕೆ ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಹಿಡಿಯುವ ಜಾಗಕ್ಕಿಂತ ಸ್ವಲ್ಪ ಮುಂದೆ ಪೋಣಿಸಿದೆ. ಕತ್ತಿಯ ಹಿಡಿಗೆ ಇರುವ ಅಡ್ಡದಂತೆ ಅದು ಕೈಗೆ ಬಿಸಿ ಹೊಡೆಯದಂತೆ ತಡೆಯುತ್ತದೆ, ಮಗುವಿನ ಬೆರಳು ಅದನ್ನು ದಾಟಿ ಮುಂದೆ ಹೋಗುವುದಿಲ್ಲ. ಇದಕ್ಕೆ ಒಂದು ಪೈಸೆಯೂ ಖರ್ಚಾಗಿಲ್ಲ, ಮುಖ್ಯಾಧ್ಯಾಪಕರು ಒಪ್ಪಿದ್ದು ಮಾತ್ರ ಇದನ್ನು ನೋಡಿದ ಮೇಲೆಯೇ.

ವಿದ್ಯುತ್ತಿನ ಬಗ್ಗೆ ಅಜಾಗ್ರತೆ ಬೇಡ. 2,000 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಸಾಕೆಟ್ಟು ಅದನ್ನು ತಾಳುವುದಿಲ್ಲ. ಪೂರ್ವಾಭ್ಯಾಸದ ದಿನ ಮೈಕಿನವರ ವಿಸ್ತರಣೆ ವೈರಿಗೆ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಪ್ಲಗ್ಗಿನಿಂದ ಸುಟ್ಟ ವಾಸನೆ ಬಂದಿತ್ತು. ಆಮೇಲೆ ಎಲೆಕ್ಟ್ರಿಷಿಯನ್ನರಿಗೆ 700 ರೂಪಾಯಿ ಕೊಟ್ಟು, ಎರಡು ಒಲೆಗಳಿಗೆಂದು ಬೇರೆ ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಇರುವ ಎರಡು ಲೈನಿನಿಂದ ಎರಡು 16 ಆಂಪಿಯರ್ ಸಾಕೆಟ್ಟುಗಳನ್ನು ಹಾಕಿಸಿದೆ. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜು ಇಳಿಯುವುದು ಗೊತ್ತೇ ಇದೆ. ಶಾಖ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಪ್ರಮಾಣದಲ್ಲಿ ಇಳಿಯುವುದರಿಂದ 190 ವೋಲ್ಟ್ ಆದರೆ 2,000 ವ್ಯಾಟಿನ ಒಲೆ 1,400ಕ್ಕಿಂತಲೂ ಕಡಿಮೆಗೆ ಬರುತ್ತದೆ. ಆದ್ದರಿಂದ ಕಡಿಮೆ ವ್ಯಾಟಿನ ಒಲೆ ಕೊಳ್ಳಬೇಡಿ, ದೊಡ್ಡದನ್ನೇ ಕೊಂಡು ತಗ್ಗಿಸಿ ಬಳಸಿ.

ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದೂವರೆಯವರೆಗೆ ನಡೆಸಿದೆವು. ಒಲೆಗೊಬ್ಬರು ದೊಡ್ಡವರು, ಒಮ್ಮೆಗೆ ಒಂದೇ ಮಗು, ಉಳಿದವರು ನೆಲದ ಮೇಲೆ ಎಳೆದ ಸುಣ್ಣದ ಗೆರೆಯ ಆಚೆ. ಜಡೆ ಕಟ್ಟಿರಬೇಕು, ರೇನ್‌ಕೋಟು ಬಿಚ್ಚಿರಬೇಕು. ಒಲೆಯ ಪಕ್ಕದಲ್ಲಿ ಎಬಿಸಿ ಪುಡಿಯ ಅಗ್ನಿಶಾಮಕ ಮತ್ತು ಒಣ ಮರಳಿನ ಬಕೆಟ್ಟು ಇದ್ದವು. ಕರೆಂಟಿನ ಒಲೆಗೆ ನೀರು ಎರಚಬಾರದೆಂದು ಸ್ವಯಂಸೇವಕರಿಗೆ ಮೊದಲೇ ಹೇಳಿದ್ದೆ. ಸುಟ್ಟ ಮಾರ್ಷ್‌ಮ್ಯಾಲೋದ ಹೊರಮೈ ಬೇಗ ಆರಿದರೂ ಒಳಗಿನ ಸಕ್ಕರೆ ಕುದಿಯುವಷ್ಟು ಬಿಸಿಯಿರುತ್ತದೆ, ನಾಲಿಗೆಗೆ ಅಂಟಿದರೆ ಬಿಡುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ಮಗುವೂ ಎರಡರ ಮಗ್ಗಿಯನ್ನೂ ಮೂರರ ಮಗ್ಗಿಯನ್ನೂ ಹೇಳಿ ಮುಗಿಸಿದ ಮೇಲೆಯೇ ಬಾಯಿಗಿಡಬೇಕೆಂದು ನಿಯಮ ಮಾಡಿದೆ. ಇಡೀ ಸಭಾಭವನದಲ್ಲಿ ಮಗ್ಗಿಯ ದನಿ ಕೇಳುತ್ತಿತ್ತು. ಅಂಗನವಾಡಿಯ ಪುಟ್ಟ ಮಕ್ಕಳಿಗೆ ಇಡಿಯಾಗಿ ಕೊಡಲೇ ಇಲ್ಲ, ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ನಾಲ್ಕು ತುಂಡು ಮಾಡಿ ದೊನ್ನೆಯಲ್ಲಿ ಕೊಟ್ಟೆವು. ಆ ದಿನ ಸುಟ್ಟುಕೊಂಡವಳು ನಾನೊಬ್ಬಳೇ: ಮಡಕೆಯ ಕಂಠಕ್ಕೆ ಮಣಿಕಟ್ಟು ತಾಗಿತು. ಇಪ್ಪತ್ತು ನಿಮಿಷ ನಲ್ಲಿಯ ನೀರಿನ ಕೆಳಗೆ ಹಿಡಿದೆ, ಪೇಸ್ಟು ತಂದವರನ್ನು ಹಿಂದಕ್ಕೆ ಕಳಿಸಿದೆ, ಗುಳ್ಳೆಯೂ ಏಳಲಿಲ್ಲ.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಒಂದಕ್ಕೆ 20 ರೂಪಾಯಿಯಂತೆ 7,000ದ ಹತ್ತಿರ ಬಂತು. ಮಾರ್ಷ್‌ಮ್ಯಾಲೋ, ದೊನ್ನೆ, ವೈರಿಂಗು, ಎರಡನೆಯ ಮಡಕೆ ಎಲ್ಲ ಸೇರಿ 3,800ರಷ್ಟು ಹೋಗಿ, ಉಳಿದದ್ದು ಶಾಲೆಯ ಗ್ರಂಥಾಲಯಕ್ಕೆ ಸೇರಿತು. ಒಲೆಗಳ ಮತ್ತು ಹಾಳಾದ ಪ್ರಯೋಗಗಳ ಹಣವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾವನವರು ಹನ್ನೆರಡರ ಹೊತ್ತಿಗೆ ಕೊಡೆ ಹಿಡಿದುಕೊಂಡು ಬಂದು, ಸಾಲಿನಲ್ಲಿ ನಿಂತು, ತಾವೇ ಒಂದನ್ನು ಸುಟ್ಟುಕೊಂಡರು. ಕಡ್ಡಿ ತಿರುಗಿಸುವಾಗ ಅವರ ಕೈ ಬಹಳ ನಿಧಾನ. ಅಷ್ಟು ಸಮನಾದ ಬಣ್ಣ ಆ ದಿನ ಬೇರೆ ಯಾರದಕ್ಕೂ ಬರಲಿಲ್ಲ. ತಳವಿಲ್ಲದೆಯೇ ಮಡಕೆ ತಿರುಗಿಸಿ ಕೊಡುವಂತೆ ಕುಂಬಾರರಿಗೆ ಹೇಳಬಹುದಲ್ಲ, ಗರಗಸ ಏಕೆ ಎಂದು ಕೇಳಿದವರೂ ಅವರೇ. ಮುಂದಿನ ಸಂತೆಗೆಂದು ಹಾಗೆಯೇ ನಾಲ್ಕು ಮಡಕೆಗಳಿಗೆ ಹೇಳಿದ್ದೇನೆ.