ಹಳೇ ಲಾರಿಯ ಕರೆಂಟ್ ಎಲ್ಲಿ ಸೋರುತ್ತದೆ? ಹುಡುಕುವುದು ಹೀಗೆ

ರಾತ್ರಿ ಲೋಡ್ ಮಾಡಿ ನಿಲ್ಲಿಸಿದ ಲಾರಿ. ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಎಂಜಿನ್ ಏಳುವುದಿಲ್ಲ. ನಮ್ಮ ಮನೆಯ ಲಾರಿಗೂ ಹೀಗೇ ಆಗಿತ್ತು. ಒಂದು ಗ್ಯಾರೇಜ್‌ನಲ್ಲಿ ಸೆಲ್ಫ್ ಮೋಟಾರ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ರಿಪೇರಿ ಮಾಡಿಸಿದೆವು. ಎರಡೂ ಬ್ಯಾಟರಿ ಬದಲಾಯಿಸಿದೆವು. ವಾರದೊಳಗೆ ಮತ್ತೆ ಅದೇ ಟಕ್. ಕೊನೆಗೆ ನೋಡಿದರೆ, ಎಂಜಿನ್‌ನಿಂದ ಚಾಸಿಸ್‌ಗೆ (ಲಾರಿಯ ಕಬ್ಬಿಣದ ಚೌಕಟ್ಟಿಗೆ) ಹೋಗುವ ಅರ್ತ್ ಪಟ್ಟಿಯ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಪಟ್ಟಿಯ, ಬೋಲ್ಟ್ ಕೆಳಗೆ ತುಕ್ಕು ಕೂತಿತ್ತು. ಉಜ್ಜಿ ಬಿಗಿ ಮಾಡಿದೆವು, ಲಾರಿ ಎದ್ದಿತು. ಅಷ್ಟು ದುಡ್ಡು ಸುಮ್ನೆ ಹೋಯಿತಲ್ಲ ಅಂತ ಅಪ್ಪ ಕೂತಿದ್ದ ರೀತಿ ನನಗಿನ್ನೂ ಮರೆತಿಲ್ಲ. ಹಾಗಾಗಿ ನಾನು ಹೇಳುವುದು ಒಂದೇ: ಅಳೆಯದೆ ಏನನ್ನೂ ಬಿಚ್ಚಬೇಡಿ.

ಇಲ್ಲಿ ಹೇಳುವುದು ಕಂಪ್ಯೂಟರ್ ಇಲ್ಲದ, 24 ವೋಲ್ಟ್‌ನ ಹಳೇ ಡೀಸೆಲ್ ಲಾರಿಗಳ ಬಗ್ಗೆ. ಅಂದರೆ 12 ವೋಲ್ಟ್‌ನ ಎರಡು ಬ್ಯಾಟರಿಯನ್ನು ಸಾಲಾಗಿ ಜೋಡಿಸಿರುವಂಥವು. ಒಂದು ಸಾದಾ ಮಲ್ಟಿಮೀಟರ್, 24 ವೋಲ್ಟ್ 21 ವ್ಯಾಟ್‌ನ ಒಂದು ಬಲ್ಬಿಗೆ ಎರಡು ಉದ್ದ ವೈರ್, ಉಪ್ಪು ಕಾಗದ, ಸ್ಪ್ಯಾನರ್. ಇಷ್ಟು ಸಾಕು.

ಕೆಲಸ ಶುರು ಮಾಡುವ ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ, ಚಕ್ರಕ್ಕೆ ಕಲ್ಲು ಕೊಡಿ. ಉಂಗುರ, ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಬ್ಯಾಟರಿ ಹತ್ತಿರ ಬೀಡಿ, ಬೆಂಕಿ ಬೇಡವೇ ಬೇಡ. ಅದರಿಂದ ಬರುವ ಹೈಡ್ರೋಜನ್ ಗ್ಯಾಸ್ ಒಂದು ಕಿಡಿ ತಾಗಿದರೂ ಸಿಡಿಯುತ್ತದೆ.

ಮೊದಲು ಬ್ಯಾಟರಿ

ಲಾರಿ ಕೆಲವು ಗಂಟೆ ನಿಂತ ಮೇಲೆ ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಪೂರ್ತಿ ಚಾರ್ಜ್ ಇದ್ದರೆ ಒಂದೊಂದರಲ್ಲೂ 12.6 ವೋಲ್ಟ್ ಹತ್ತಿರ ಇರುತ್ತದೆ. 12.2 ಅಂದರೆ ಅರ್ಧ ಖಾಲಿ. ಒಂದು 12.6, ಇನ್ನೊಂದು 12.1 ತೋರಿಸಿದರೆ ಗಮನ ಕೊಡಿ. ಕ್ಯಾಬಿನ್‌ನ ಹಾಡಿನ ಸೆಟ್‌ಗೋ ಮೊಬೈಲ್ ಚಾರ್ಜರ್‌ಗೋ ಯಾರಾದರೂ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರಾ ನೋಡಿ. ಹಾಗೆ ಎಳೆದರೆ ಆ ಬ್ಯಾಟರಿ ದಿನವೂ ಸ್ವಲ್ಪ ಬಳಲುತ್ತದೆ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ನೀರು ಕುದಿಸುತ್ತದೆ. ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸುವುದೇ ಸರಿ.

ಆಮೇಲೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. ಎಂಜಿನ್ ಸ್ಟಾರ್ಟ್ ಆಗದಂತೆ ಒಬ್ಬರು ಸ್ಟಾಪ್ ಕೇಬಲ್ ಎಳೆದು ಹಿಡಿದಿರಲಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ಎರಡೂ ಬ್ಯಾಟರಿ ಸೇರಿ 19 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯದ್ದೇ ತೊಂದರೆ ಇರಬಹುದು. ಬೀಳದೆಯೂ ಎಂಜಿನ್ ನಿಧಾನ ತಿರುಗಿದರೆ ಕರೆಂಟಿನ ದಾರಿಯಲ್ಲಿ ಎಲ್ಲೋ ತಡೆ ಇರಬಹುದು.

ದಾರಿಯ ತಡೆ ಹಿಡಿಯುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಮೀಟರ್‌ನ ಕೆಂಪು ಕಡ್ಡಿಯನ್ನು ಪಾಸಿಟಿವ್ ಕೇಬಲ್ ಹೊರಡುವ ಬ್ಯಾಟರಿಯ ಸೀಸದ ಗುಬುಟಿನ ಮೇಲೇ ಇಡಿ, ಕ್ಲಾಂಪ್ ಮೇಲಲ್ಲ. ಕಪ್ಪು ಕಡ್ಡಿ ಸೆಲ್ಫ್‌ನ ದಪ್ಪ ಬೋಲ್ಟ್ ಮೇಲೆ. ಈಗ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ಒಳಗೆ ಇದ್ದರೆ ಒಳ್ಳೆಯದು. 1 ವೋಲ್ಟ್ ದಾಟಿದರೆ ಆ ನಡುವಿನ ಕೇಬಲ್ಲೋ ಜಾಯಿಂಟೋ ಕೆಟ್ಟಿದೆ. ಒಂದೊಂದೇ ಜಾಯಿಂಟ್ ದಾಟುತ್ತಾ ಅಳೆದರೆ ಕೆಟ್ಟ ಜಾಗ ತಾನೇ ಸಿಗುತ್ತದೆ. ಇದೇ ಪರೀಕ್ಷೆಯನ್ನು ಅರ್ತ್ ಕಡೆಗೂ ಮಾಡಿ: ಚಾಸಿಸ್‌ಗೆ ಹೋಗುವ ನೆಗೆಟಿವ್ ಗುಬುಟಿನಿಂದ ಸೆಲ್ಫ್‌ನ ಮೈಗೆ. ನಾವು ಅವತ್ತು ಇದನ್ನು ಮಾಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇಷ್ಟು ಚಿಕ್ಕ ತುಕ್ಕಿಗೆ ಅಷ್ಟು ಶಕ್ತಿಯಾ ಅನ್ನಿಸಬಹುದು. ಲೆಕ್ಕ ಹಾಕಿ. ಸೆಲ್ಫ್ 300 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಜಾಯಿಂಟ್‌ನಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಹೋಗುತ್ತದೆ. ಅಂದರೆ 900 ವ್ಯಾಟ್. ಮನೆಯ ಇಸ್ತ್ರಿಪೆಟ್ಟಿಗೆಯಷ್ಟು ಶಾಖ ಒಂದು ಬೋಲ್ಟ್ ಕೆಳಗೆ! ಸೆಲ್ಫ್ ಹೊಡೆದಾದ ಮೇಲೆ ಯಾವ ಜಾಯಿಂಟ್ ಬಿಸಿಯಾಗಿದೆಯೋ ಅದೇ ಕಳ್ಳ. ಸುಡಬಹುದು, ಹುಷಾರಾಗಿ ಕೈ ಹತ್ತಿರ ಹಿಡಿದು ನೋಡಿ.

ಜಾಯಿಂಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ಕರಾವಳಿ ಕಡೆ ಓಡುವ ಲಾರಿಗಳಲ್ಲಿ ಉಪ್ಪು ಗಾಳಿಗೆ ಕೇಬಲ್‌ನ ತಾಮ್ರ ಪ್ಲಾಸ್ಟಿಕ್ ಒಳಗೇ ಹಸಿರು ಕಟ್ಟಿರುತ್ತದೆ. ಅಂಥ ಕೇಬಲ್ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಿ.

ಹಿಂದಿನ ದೀಪಗಳು

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದಾ? ಹಾಗಿದ್ದರೆ ಬಲ್ಬ್ ಬದಲಾಯಿಸಬೇಡಿ, ಅರ್ತ್ ನೋಡಿ. ವಾಪಸ್ ಹೋಗಲು ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನೊಳಗೆ ನುಗ್ಗುತ್ತದೆ. ಚಾಸಿಸ್‌ಗೆ ಹೋಗುವ ಬ್ಯಾಟರಿ ನೆಗೆಟಿವ್‌ನಿಂದ ಒಂದು ಉದ್ದ ವೈರ್ ತಂದು ದೀಪದ ಅರ್ತ್‌ಗೆ ಮುಟ್ಟಿಸಿ. ದೀಪಗಳು ಸರಿಯಾದರೆ ಉತ್ತರ ಸಿಕ್ಕಿತು. ದಯವಿಟ್ಟು ಇದನ್ನು ಮುಂದೂಡಬೇಡಿ. ಕತ್ತಲಲ್ಲಿ ಹಿಂದೆ ಬರುವ ಬೈಕಿನವನಿಗೆ ಲಾರಿ ಇದೆ ಅಂತ ಗೊತ್ತಾಗುವುದೇ ಆ ಎರಡು ಕೆಂಪು ದೀಪದಿಂದ.

ಇನ್ನೊಂದು ಮೋಸ ಇದೆ. ಮೀಟರ್ 24 ವೋಲ್ಟ್ ತೋರಿಸುತ್ತದೆ, ದೀಪ ಉರಿಯುವುದಿಲ್ಲ. ವೈರ್‌ನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್‌ಗೆ ಸಾಕು, ಬಲ್ಬಿಗೆ ಸಾಲದು. ಅಲ್ಲಿ ನಿಮ್ಮ 21 ವ್ಯಾಟ್ ಬಲ್ಬ್ ಮುಟ್ಟಿಸಿ ನೋಡಿ. ನಿಜ ಹೇಳುವುದು ಅದು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ

ದಪ್ಪ ತಂತಿ ಸುತ್ತಬೇಡಿ. ವೈರಿಂಗ್ ಹೊತ್ತಿ ಲಾರಿಯೇ ಸುಡಬಹುದು. ಆ ಫ್ಯೂಸಿಗೆ ಸೇರಿದ ಬಲ್ಬುಗಳನ್ನೆಲ್ಲ ತೆಗೆದು, ಫ್ಯೂಸ್ ಜಾಗದಲ್ಲಿ ಟೆಸ್ಟ್ ಬಲ್ಬ್ ಜೋಡಿಸಿ. ಶಾರ್ಟ್ (ವೈರ್‌ನ ತಾಮ್ರ ಚಾಸಿಸ್‌ಗೆ ತಾಗಿರುವುದು) ಇರುವಷ್ಟು ಹೊತ್ತು ಅದು ಜೋರಾಗಿ ಉರಿಯುತ್ತದೆ. ಈಗ ವೈರ್ ಕಟ್ಟನ್ನು ಅಲುಗಾಡಿಸುತ್ತಾ ಹಿಂದಕ್ಕೆ ಹೋಗಿ. ಚಾಸಿಸ್ ತೂತಿನ ಅಂಚು, ಗೇರ್‌ಬಾಕ್ಸ್ ಪಕ್ಕ, ಸೈಲೆನ್ಸರ್ ಹತ್ತಿರ ಜಾಸ್ತಿ ನೋಡಿ. ಬಲ್ಬ್ ಆರಿದ ಕಡೆ ಶಾರ್ಟ್ ಇದೆ.

ಚಾರ್ಜಿಂಗ್ ಮತ್ತು ರಾತ್ರಿಯ ಸೋರಿಕೆ

ಎಂಜಿನ್ ಸ್ವಲ್ಪ ರೇಸ್‌ನಲ್ಲಿದ್ದಾಗ ಬ್ಯಾಟರಿಗಳ ಮೇಲೆ ಒಟ್ಟು 27.5ರಿಂದ 28.5 ವೋಲ್ಟ್ ಬರಬೇಕು. 25ರ ಹತ್ತಿರವೇ ನಿಂತರೆ ಮೊದಲು ಬೆಲ್ಟ್ ನೋಡಿ, ಆಮೇಲೆ ಡ್ಯಾಶ್‌ಬೋರ್ಡ್‌ನ ಚಾರ್ಜಿಂಗ್ ಬಲ್ಬ್ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಎಷ್ಟೋ ಆಲ್ಟರ್ನೇಟರ್‌ಗಳು ಕೆಲಸ ಶುರು ಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. 30 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಿತ್ತು ಪರೀಕ್ಷೆ ಮಾಡುವ ಅಭ್ಯಾಸ ಬಿಡಿ, ಆಲ್ಟರ್ನೇಟರ್‌ನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಹಾರಿಹೋಗಬಹುದು.

ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಕೀ ತೆಗೆದು, ಎಲ್ಲ ಸ್ವಿಚ್ ಆಫ್ ಮಾಡಿ. ಚಾಸಿಸ್‌ಗೆ ಹೋಗುವ ನೆಗೆಟಿವ್ ಬಿಚ್ಚಿ, ಆ ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೀಟರ್ ಅನ್ನು 10 ಆಂಪಿಯರ್‌ನಲ್ಲಿಟ್ಟು ಜೋಡಿಸಿ. ಈ ಹೊತ್ತಿನಲ್ಲಿ ಸೆಲ್ಫ್ ಮುಟ್ಟಬೇಡಿ. ಕಂಪ್ಯೂಟರ್ ಇಲ್ಲದ ಲಾರಿಯಲ್ಲಿ 50 ಮಿಲಿಆಂಪಿಯರ್‌ಗಿಂತ ಜಾಸ್ತಿ ಇರಬಾರದು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳಿ. ಯಾವುದು ಕಿತ್ತಾಗ ಇಳಿಯಿತೋ ಆ ದಾರಿ ಹಿಡಿಯಿರಿ. ಯಾವ ಫ್ಯೂಸ್‌ಗೂ ಇಳಿಯದಿದ್ದರೆ ಮೀಟರ್ ತೆಗೆದು ನೆಗೆಟಿವ್ ಹೊರಗೇ ಬಿಡಿ, ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ಅದರ ತುದಿಗೆ ಟೇಪ್ ಸುತ್ತಿ. ಮತ್ತೆ ಮೀಟರ್ ಜೋಡಿಸಿ ನೋಡಿ. ಈಗ ಸೊನ್ನೆಗೆ ಬಂದರೆ ಸೋರುತ್ತಿರುವುದು ಅದರ ಡಯೋಡ್. ಆಲ್ಟರ್ನೇಟರ್ ಒಂದನ್ನೇ ಇಳಿಸಿ ರಿಪೇರಿಗೆ ಕೊಡಿ.